ಮಿಕ್ಕಿದ ಹಿತ್ತಾಳೆ ಕಾಲು

ನಾನು ಒಂದು ಹಿತ್ತಾಳೆಯ ಕಾಲು. ಕಾಲು ಎಂದೊಡನೆ ಕುರ್ಚಿಯದೋ ಮಂಚದ್ದೋ ಎಂದುಕೊಳ್ಳಬೇಡಿ. ನನ್ನ ಎತ್ತರ ಒಂದು ಕಡಲೆಕಾಳಿನಷ್ಟು. ಕೆಳಗೆ ತಿರುಪು, ತಲೆಯಲ್ಲಿ ತೂತು, ಅಷ್ಟೇ ನನ್ನ ಮೈ. ಕಂಪ್ಯೂಟರಿನ ಡಬ್ಬಿಯೊಳಗೆ ಹಸಿರು ಬೋರ್ಡೊಂದು ಇರುತ್ತದಲ್ಲ, ಅದರ ಬೆನ್ನು ಕಬ್ಬಿಣದ ತಗಡಿಗೆ ತಾಗಬಾರದು. ತಾಗದಂತೆ ಅದನ್ನು ಎತ್ತಿ ಹಿಡಿಯುವುದು ನನ್ನ ಜಾತಿಯ ಕೆಲಸ. ಅಂಥ ನಾನೇ ಒಂದು ಮನೆಯನ್ನು ಕೆಡಿಸಿದೆ ಎಂದರೆ ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ.

ಹುಟ್ಟಿದ ಊರು ಗೊತ್ತಿಲ್ಲ. ಹಿತ್ತಾಳೆಯ ಸರಳನ್ನು ಲೇತಿಗೆ ಕೊಟ್ಟರು, ಕೊರೆದರು, ಕತ್ತರಿಸಿದರು, ಬಿಸಿ ಆರುವ ಮೊದಲೇ ಬುಟ್ಟಿಗೆ ಎಸೆದರು. ಆಮೇಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಣ್ಣತಮ್ಮಂದಿರ ಜೊತೆ ಕೂತು, ಖಾಲಿ ಕ್ಯಾಬಿನೆಟ್ಟೊಂದರ ಹೊಟ್ಟೆಯೊಳಗೆ ಪ್ರಯಾಣ ಮಾಡಿದೆ. ಕಣ್ಣು ಬಿಟ್ಟಾಗ ಬೆಟಗೇರಿಯ ಬಡಿಗೇರ ಓಣಿಯಲ್ಲಿದ್ದೆ, ಪ್ರಭಾವತಿಯ ಅಂಗೈ ಮೇಲೆ.

ಪ್ರಭಾವತಿ ಮೌನೇಶಪ್ಪ ಮೇಸ್ತ್ರಿಯ ಮಗಳು. ಮೌನೇಶಪ್ಪ ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಕಟ್ಟಿ ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು. ಮನೆಯ ಮುಂದಿನ ಕೋಣೆಗೆ ರಸ್ತೆಯ ಕಡೆ ಬಾಗಿಲಿತ್ತು. ಮಗ ಗಂಗಾಧರ ಅದನ್ನು ತನ್ನ ಸೋಡಾ ಬಾಟಲಿಗಳ ಗೋದಾಮು ಮಾಡಬೇಕೆಂದಿದ್ದ. ಮಗಳಿಗೆ ಅಲ್ಲೊಂದು ಕಂಪ್ಯೂಟರ್ ಅಂಗಡಿ ತೆರೆಯುವ ಆಸೆ. ಕಟ್ಟುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು, ಎರಡನ್ನೂ ಕಲಿತು ಬಂದಿದ್ದಳು. ಇಬ್ಬರ ಜಗಳ ಕೇಳಿ ಕೇಳಿ ಸಾಕಾದ ಮೌನೇಶಪ್ಪ ಓಣಿಯ ಹಿರಿಯರ ಮುಂದೆ ಒಂದು ಮಾತು ಕೊಟ್ಟ. ಪ್ರಭಾ ತನ್ನ ಕೈಯಿಂದ ಒಂದು ಕಂಪ್ಯೂಟರ್ ಕಟ್ಟಲಿ. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ಎಲ್ಲರೆದುರು ಅದು ಹತ್ತಿ ಚಾಲೂ ಆದರೆ ಕೋಣೆ ಅವಳದು, ಇಲ್ಲದಿದ್ದರೆ ಗಂಗಾಧರನದು. ಪೂಜೆಗೆ ಮೊದಲು ಹೊಸ ಯಂತ್ರವನ್ನು ನಡೆಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಮೊದಲೇ ಹಚ್ಚಿ ನೋಡುವ ಮಾತೂ ಇಲ್ಲ.

ಪೂಜೆಯ ಹಿಂದಿನ ದಿನ ಪ್ರಭಾವತಿ ಬೋರ್ಡನ್ನು ತಗಡಿನ ಮೇಲೆ ಹಿಡಿದು, ಅದರ ತೂತುಗಳಿಗೆ ಸರಿಯಾಗಿ ಕಾಲುಗಳನ್ನು ತಿರುಗಿಸಿದಳು. ಬೋರ್ಡು ಚಿಕ್ಕದು, ತಗಡು ದೊಡ್ಡದು. ಹಾಗಾಗಿ ತಗಡಿನ ಕೆಲವು ತೂತುಗಳು ಖಾಲಿ ಉಳಿದವು, ಚೀಲದಲ್ಲಿ ನಾನೊಬ್ಬ ಉಳಿದೆ. ಉಳಿಯಬೇಕಾದದ್ದೇ ಸರಿ. ಅವಳು ಹೂವು ತರಲು ಮಾರ್ಕೆಟ್ಟಿಗೆ ಹೋದಳು.

ಆಗ ಒಳಗೆ ಬಂದವನು ಮೌನೇಶಪ್ಪ. ಮಗಳ ಕೆಲಸವನ್ನು ಕಣ್ಣು ಕಿರಿದು ಮಾಡಿ ನೋಡಿದ. ಮೆಚ್ಚಿದ ಎಂದು ನನಗನ್ನಿಸಿತು. ಅಷ್ಟರಲ್ಲಿ ಚೀಲದಲ್ಲಿದ್ದ ನಾನು ಅವನ ಕಣ್ಣಿಗೆ ಬಿದ್ದೆ. ಇಂಜಿನ್ ಕಟ್ಟಿದ ಮೇಲೆ ಒಂದು ನಟ್ಟು ಮಿಕ್ಕಿದರೂ ಆ ಇಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಮನುಷ್ಯ ಅವನು. ಮಿಕ್ಕಿದ ನಟ್ಟು ನಡುದಾರಿಯಲ್ಲಿ ಬಸ್ ನಿಲ್ಲಿಸುತ್ತದೆ ಎಂದು ಡಿಪೋದ ಹುಡುಗರಿಗೆಲ್ಲ ಹೇಳುತ್ತಿದ್ದನಂತೆ. ಹುಡುಗಿ ಒಂದನ್ನು ಮರೆತಿದ್ದಾಳೆ ಎಂದುಕೊಂಡ. ಅವಳಿಗೆ ಹೇಳಿ ನಾಚಿಕೆಪಡಿಸುವುದೇಕೆ ಎಂದು ನನ್ನನ್ನು ಧೋತರದ ಅಂಚಿನಲ್ಲಿ ಒರೆಸಿ, ನಡುವಿನ ಒಂದು ಖಾಲಿ ತೂತಿಗೆ ತಿರುಗಿಸಿ, ನಟ್ಟು ತಿರುಗಿಸುವ ಪಾನಾ ಹಚ್ಚಿ ಬಿಗಿ ಮಾಡಿದ. ಖಾಲಿ ಚೀಲವನ್ನು ಎಸೆದ. ಪ್ರೀತಿಯಿಂದಲೇ ಮಾಡಿದ, ಅದರಲ್ಲಿ ಸುಳ್ಳಿಲ್ಲ.

ಪ್ರಭಾವತಿ ಬಂದವಳೇ ಅವಸರದಲ್ಲಿ ಬೋರ್ಡು ಕೂರಿಸಿದಳು. ಕತ್ತಲಾಗುವುದರೊಳಗೆ ಉಪಕರಣಗಳೆಲ್ಲ ಪೂಜೆಯ ಮಣೆ ಏರಬೇಕಿತ್ತು. ತಾನೇ ಹಾಕಿದ ಕಾಲುಗಳನ್ನು ಮತ್ತೊಮ್ಮೆ ಯಾರು ನೋಡುತ್ತಾರೆ? ಬೋರ್ಡಿನ ಬೆನ್ನು ಬಂದು ನನ್ನ ತಲೆಗೆ ಒತ್ತಿತು. ತೂತು ಇಲ್ಲದ ಜಾಗ ಅದು, ಬೆಸುಗೆಯ ಚುಕ್ಕೆಗಳ ಜಾಗ. ನನಗೆ ಬಾಯಿ ಇದ್ದಿದ್ದರೆ ಕಿರುಚುತ್ತಿದ್ದೆ.

ಮರುದಿನ ಸುತ್ತಿಗೆ, ಉಳಿ, ಪಾನಾ, ಸ್ಕ್ರೂಡ್ರೈವರ್ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಕಂಪ್ಯೂಟರಿಗೂ ಒಂದು ಹಾರ. ಓಣಿಯ ಜನ ಬಾಗಿಲ ತನಕ ತುಂಬಿದ್ದರು. ಆರತಿ ಆಯಿತು, ಕಾಯಿ ಒಡೆಯಿತು, ಪ್ರಭಾವತಿ ಗುಂಡಿ ಒತ್ತಿದಳು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದಳು. ಮತ್ತೆ ಅರ್ಧ ಸುತ್ತು. ಬೋರ್ಡಿಗೆ ಸೇರಬೇಕಾದ ಕರೆಂಟು ನನ್ನ ಮೈ ಹಾಯ್ದು ತಗಡಿಗೆ ಇಳಿದುಹೋಗುತ್ತಿತ್ತು.

ಅವಳು ಎದೆಗುಂದಲಿಲ್ಲ. ಪ್ಲಗ್ಗು ಬದಲಿಸಿದಳು. ಬದಿಯ ಬಾಗಿಲನ್ನು ಕೈಯಿಂದಲೇ ತೆಗೆದು, ವೈರುಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. ರ್‍ಯಾಮ್ ಪಟ್ಟಿಯನ್ನು ಎಳೆದು ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಕೈಯಿಂದ ಆಗುವುದೆಲ್ಲ ಮುಗಿಯಿತು. ಇನ್ನು ಬೋರ್ಡನ್ನೇ ಬಿಚ್ಚಬೇಕು.

"ಅಪ್ಪಾ, ಒಂದು ಸ್ಕ್ರೂಡ್ರೈವರ್ ಕೊಡು. ಒಳಗ ಎಲ್ಲೋ ತಾಗಾಕತ್ತೈತಿ. ಬಿಚ್ಚಿ ನೋಡ್ತೀನಿ."

"ಪೂಜಿಗೆ ಕುಂತ ಸಾಮಾನು ನಾಳೆ ಮಟಾ ಮುಟ್ಟಂಗಿಲ್ಲ. ನಿನಗೇನು ಹೊಸದಾ ಇದು?"

ಅವಳು ಪಕ್ಕದ ಮನೆಗೆ ಓಡಿದಳು, ಎದುರು ಮನೆಗೆ ಓಡಿದಳು. ಬಡಿಗೇರ ಓಣಿ ಅದು. ಉಪಕರಣವಿಲ್ಲದ ಮನೆಯಿಲ್ಲ, ಆ ದಿನ ಉಪಕರಣ ಕೊಡುವ ಮನೆಯೂ ಇಲ್ಲ. ಬರಿಗೈಯಲ್ಲಿ ಬಂದವಳನ್ನು ನೋಡಿ ಗಂಗಾಧರ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕ. ಒಂದೇ ಒಂದು ದಿನ ತಾಳು ಎಂದು ಅವಳು ತಂದೆಯನ್ನು ಕೇಳಿಕೊಂಡಳು. ಹಿರಿಯರೆಲ್ಲ ಮೌನೇಶಪ್ಪನ ಮುಖ ನೋಡುತ್ತಿದ್ದರು. ಮೇಸ್ತ್ರಿಯ ಮಗಳ ಕೆಲಸ ಕೆಟ್ಟಿತು ಎಂಬುದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತ್ತು. ಕೈ ಹದ ಇಲ್ಲದವರು ಇಂಥದಕ್ಕೆ ಇಳಿಯಬಾರದು ಎಂದು ಎಲ್ಲರಿಗೂ ಕೇಳುವಂತೆ ಅಂದು, ಕೋಣೆಯ ಕೀಲಿಯನ್ನು ಮಗನಿಗೆ ಕೊಟ್ಟುಬಿಟ್ಟ.

ವಿಜಯದಶಮಿಯ ಬೆಳಿಗ್ಗೆ ಉಪಕರಣಗಳು ಮಣೆ ಇಳಿದವು. ಪ್ರಭಾವತಿ ಬೋರ್ಡು ಬಿಚ್ಚಿ, ಅದೇ ಸುಟ್ಟಿದೆಯೇನೋ ಎಂಬ ಭಯದಲ್ಲಿ ಕ್ಯಾಬಿನೆಟ್ಟಿನೊಳಗೆ ಇಣುಕದೆ ಒಂದು ರಟ್ಟಿನ ಡಬ್ಬಿಯ ಮೇಲಿಟ್ಟು, ಗುಂಡಿಯ ವೈರು ಸೇರುವ ಎರಡು ಸೂಜಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕೂಡಿಸಿದಳು. ಫ್ಯಾನು ಗಿರ್ರನೆ ತಿರುಗಿತು, ಪರದೆ ಬೆಳಗಿತು. "ಅಪ್ಪಾ, ಹತ್ತೈತಿ ಬಾ" ಎಂದು ಕೂಗಿ, ಅಣ್ಣನನ್ನು ಕರೆತರಲು ಹೊರಗೆ ಓಡಿದಳು.

ಮೌನೇಶಪ್ಪ ಬಂದ. ಉರಿಯುವ ಪರದೆಯನ್ನು ನೋಡಿದ, ಆಮೇಲೆ ಖಾಲಿ ಕ್ಯಾಬಿನೆಟ್ಟಿನೊಳಗೆ ಬಗ್ಗಿ ನೋಡಿದ. ಬೋರ್ಡಿನ ತೂತುಗಳಿಗೆ ಹೊಂದದ ಒಂದೇ ಒಂದು ಕಾಲು ನಡುವೆ ನಿಂತಿತ್ತು. ಬಸ್ಸಿನ ಇಂಜಿನ್ ಕಟ್ಟಿದವನಿಗೆ ಇಷ್ಟು ತಿಳಿಯದೇ? ತಿಳಿಯಿತು. ಅವನ ಮುಖದ ಬಣ್ಣ ಇಳಿದದ್ದನ್ನು ಕೆಳಗಿನಿಂದ ನಾನು ನೋಡಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ಬಾಗಿಲಲ್ಲಿ ಮಕ್ಕಳ ದನಿ ಕೇಳಿಸಿತು. ಅವನು ಮಣೆ ಇಳಿದ ಪಾನಾ ಹಚ್ಚಿ ಪಟಪಟನೆ ನನ್ನನ್ನು ತಿರುಗಿಸಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

ಪ್ರಭಾವತಿ ಬೋರ್ಡನ್ನು ಮತ್ತೆ ಒಳಗಿಟ್ಟು ಬಿಗಿದಳು. ಗುಂಡಿ ಒತ್ತಿದೊಡನೆ ಹತ್ತಿತು. ಎಲ್ಲಿ ತಪ್ಪಿತ್ತು ಎಂದು ಅಣ್ಣ ಕೇಳಿದ. ತಾನೇ ಎಲ್ಲೋ ಏನೋ ಸರಿಯಾಗಿ ಕೂರಿಸಿರಲಿಲ್ಲವೇನೋ ಎಂದು ಮೆಲ್ಲಗೆ ಅಂದು ತಂದೆಯ ಕಡೆ ನೋಡಿದಳು. ಅವನು ಹೂಂ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಕೋಣೆ ಗಂಗಾಧರನದೇ ಎಂದ. ಸಂಜೆ ಬನ್ನಿ ಎಲೆ ಹಂಚುವಾಗ ನಾನಿದ್ದ ಜೇಬಿನಿಂದಲೇ ಎಲೆ ತೆಗೆದು ಅವಳ ಕೈಗಿಟ್ಟು, ಬಂಗಾರದಂಗ ಇರೋಣು ಎಂದ. ಅವಳು ಬಗ್ಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮನುಷ್ಯರ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಆ ಗಳಿಗೆಯಲ್ಲಿ.

ನನ್ನ ವಾಸ ಮೌನೇಶಪ್ಪನ ನಟ್ಟುಬೋಲ್ಟಿನ ಡಬ್ಬಿಗೆ ಬದಲಾಯಿತು. ಬಸ್ಸಿನ ತುಕ್ಕು ಹಿಡಿದ ನಟ್ಟುಗಳ ನಡುವೆ ನಾನೊಬ್ಬನೇ ಹಳದಿ. ಮುಂದಿನ ಕೋಣೆಯಲ್ಲಿ ಬಾಟಲಿಗಳ ಸದ್ದು ಕೇಳುತ್ತಿತ್ತು. ಪ್ರಭಾವತಿ ಬಸ್‌ಸ್ಟ್ಯಾಂಡಿನ ಹತ್ತಿರ ಯಾರದೋ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಸೇರಿದಳು. ಕಟ್ಟಿದ್ದನ್ನೇ ಬಿಚ್ಚಿ ಬಿಚ್ಚಿ ನೋಡುತ್ತಾಳೆಂದು ಮಾಲೀಕ ಬೈದು, ಅವಳನ್ನು ಬಿಲ್ ಬರೆಯಲು ಕೂರಿಸಿದನಂತೆ. ಊಟಕ್ಕೆ ಕೂತಾಗ ಅವಳೇ ಹೇಳಿಕೊಂಡಳು. ತಂದೆ ಅನ್ನ ಕಲಸುತ್ತ ಕೂತಿದ್ದ. ಒಂದೇ ಒಂದು ಮಾತು ಸಾಕಿತ್ತು. ಆಡಲಿಲ್ಲ.

ವರ್ಷಗಳು ಕಳೆದವು. ಒಮ್ಮೆ ಅಡುಗೆಮನೆ ಬಾಗಿಲಿನ ಚಿಲಕ ಸಡಿಲವಾಯಿತು. ಸ್ಕ್ರೂ ಹುಡುಕಲು ಪ್ರಭಾವತಿ ಆ ಡಬ್ಬಿಯನ್ನು ಪೇಪರಿನ ಮೇಲೆ ಸುರಿದಳು. ನಾನು ಉರುಳಿ ಅವಳ ಕಾಲಬೆರಳಿಗೆ ತಾಗಿದೆ. ಎತ್ತಿಕೊಂಡಳು. ಬಸ್ಸಿನಲ್ಲಿ ಇಂಥ ಕಾಲು ಎಲ್ಲೂ ಇರುವುದಿಲ್ಲ, ಮನೆಗೆ ಬಂದದ್ದು ಒಂದೇ ಕ್ಯಾಬಿನೆಟ್ಟು. ಮೈಯ ಬದಿಗೆ ಪಾನಾ ಹಿಡಿದ ಗೀರಿತ್ತು. ಅವಳು ಕಾಲುಗಳನ್ನು ಬೆರಳಿನಿಂದಷ್ಟೇ ಬಿಗಿದಿದ್ದಳು, ಪಾನಾ ಹಚ್ಚುವ ಕೈ ಆ ಮನೆಯಲ್ಲಿ ಒಂದೇ. ಅವಳು ಅಳಲಿಲ್ಲ. ನನ್ನನ್ನು ಮುಷ್ಟಿಯಲ್ಲಿ ಹಿಡಿದು ಹೊತ್ತು ಇಳಿಯುವ ತನಕ ಕೂತಿದ್ದಳು. ಚಿಲಕ ಹಾಗೇ ಉಳಿಯಿತು.

ಆ ವರ್ಷದ ಖಂಡೇಪೂಜೆಗೆ ಸುತ್ತಿಗೆ, ಪಾನಾಗಳ ಮುಂದೆ, ವೀಳ್ಯದೆಲೆಯೊಂದರ ಮೇಲೆ ನನ್ನನ್ನು ಇಟ್ಟಳು. ಮೌನೇಶಪ್ಪ ಒಂದೊಂದಕ್ಕೂ ಕುಂಕುಮ ಹಚ್ಚುತ್ತ ಬಂದು ನನ್ನ ಹತ್ತಿರ ನಿಂತ. ಬೆರಳು ಮುಂದೆ ಬರಲಿಲ್ಲ.

"ಎಲ್ಲಿ ಸಿಕ್ತು?" ಎಂದ, ತುಟಿ ಅಲ್ಲಾಡಿದ್ದೇ ಹೆಚ್ಚು.

"ನೀ ಮುಚ್ಚಿಟ್ಟಲ್ಲೇ ಇತ್ತು. ಹಚ್ಚು ಅಪ್ಪಾ, ಮಂದಿ ಕಾಯಾಕತ್ತಾರ."

ಅವನು ಹಚ್ಚಿದ. ಮರುದಿನ ಉಪಕರಣಗಳು ಇಳಿದವು, ನಾನು ಇಳಿಯಲಿಲ್ಲ. ಇದು ದೇವರ ಜಗಲಿ ಮೇಲೆಯೇ ಇರಲಿ ಎಂದಳು ಪ್ರಭಾವತಿ. ಮೌನೇಶಪ್ಪ ನನ್ನನ್ನು ಎಲೆ ಸಮೇತ ಎತ್ತಿ ಜಗಲಿಯ ಮೇಲಿಟ್ಟ.

ಈಗ ನನಗೂ ವಯಸ್ಸಾಗಿದೆ, ಮೈ ಕಪ್ಪಾಗಿದೆ. ದಿನಾ ಬೆಳಿಗ್ಗೆ ಮೌನೇಶಪ್ಪ ಸ್ನಾನ ಮಾಡಿ ಬಂದು ದೇವರುಗಳಿಗೆಲ್ಲ ಕುಂಕುಮ ಹಚ್ಚಿ, ಕೊನೆಗೆ ನನಗೂ ಹಚ್ಚುತ್ತಾನೆ. ಹಚ್ಚುವಾಗ ಬಗ್ಗಿ, ಯಾರಿಗೂ ಕೇಳಿಸದ ಹಾಗೆ, ತಪ್ಪಾತವ್ವಾ ಎನ್ನುತ್ತಾನೆ. ಗೋಡೆಯ ಆಚೆ ಪ್ರಭಾವತಿ ಬಿಲ್ ಬರೆಯುವ ಕೆಲಸಕ್ಕೆ ಹೊರಡಲು ಬುತ್ತಿ ಕಟ್ಟಿಕೊಳ್ಳುತ್ತಿರುತ್ತಾಳೆ. ನಾನು ಹಿತ್ತಾಳೆ, ನನಗೆ ಹೇಳಿ ಏನು ಬಂತು?