ಮಂಡಿಪಟ್ಟಿಗೆ ಅಂಟಿದ್ದು

ಜಿರಳೆಗೆ ಔಷಧಿ ಹೊಡೆಯುವವನ ಸ್ವಂತ ಅಕ್ಕನ ಹೋಟೆಲಿನಲ್ಲೇ ಜಿರಳೆ! ಕಂಡವರಿಗೆಲ್ಲ ಗ್ಯಾರಂಟಿ ಕೊಟ್ಟುಕೊಂಡು ತಿರುಗುವ ಮನುಷ್ಯನಿಗೆ ಇದಕ್ಕಿಂತ ಮಾನ ಹೋಗುವ ಸುದ್ದಿ ಇನ್ನೇನು ಬೇಕು? ಅಕ್ಕನ ಮಕ್ಕಳು ಅವನನ್ನು 'ಜಿರಳೆ ಮಾವ' ಅಂತಲೇ ಕರೆಯುತ್ತಿದ್ದರು. ಇಷ್ಟು ದಿನ ಬಿರುದಿನಂತಿದ್ದ ಆ ಹೆಸರು ಇವತ್ತು ಬೆಳಿಗ್ಗೆ ಫೋನಿನಲ್ಲಿ ಬೈಗುಳದಂತೆ ಕೇಳಿಸಿತು.

ಅವನು ಬಂದಾಗ ಅಕ್ಕ ಅಡುಗೆಮನೆಯ ನಡುವೆ ನಿಂತು ಕೂಗಾಡುತ್ತಿದ್ದಳು.

"ನೋಡೋ! ತಟ್ಟೆ ಪಕ್ಕದಲ್ಲೇ ಓಡಾಡ್ತಿತ್ತಂತೆ. ಗಿರಾಕಿ ಅರ್ಧಕ್ಕೇ ಎದ್ದು ಕೈ ತೊಳೆದು ಹೋದ್ರು. ನಿನ್ನ ಔಷಧಿ ಮೇಲೆ ನಂಗೇನೂ ಅನುಮಾನ ಇಲ್ಲಪ್ಪ. ಎಲ್ಲಾ ಈಯಮ್ಮನ ಗಲೀಜು!"

ಈಯಮ್ಮ ಅಂದರೆ ಅಡುಗೆಯಮ್ಮ. ಹೋಟೆಲು ತೆರೆದ ದಿನದಿಂದ ಒಲೆ ಮುಂದೆ ಬೆಂದವಳು. ತಿಕ್ಕಿದ ಪಾತ್ರೆಯಲ್ಲಿ ಮುಖ ಕಾಣದಿದ್ದರೆ ಮತ್ತೆ ತಿಕ್ಕುವ ಹೆಂಗಸು, ಅವಳಿಗೆ ಈ ಮಾತು! ಅವಳು ಆಗಲೇ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ಗೋಡೆಗೆ ಆತು ನಿಂತಿದ್ದಳು.

"ಇಷ್ಟು ಅನ್ನಿಸಿಕೊಂಡ್ಮೇಲೆ ನಾನಿಲ್ಲಿ ಇರಲ್ಲ. ಮಗಳ ಮನೆಗೆ ಹೋಗ್ತೀನಿ," ಎಂದಳು.

ಅವನು ಟಾರ್ಚು ಹಿಡಿದು ಸಿಂಕಿನ ಕೆಳಗೆ ತೂರಿದ. ಪೈಪಿನ ಹಿಂದೆ ಏನೋ ಕೈಗೆ ತಾಕಿತು. ಎಳೆದು ನೋಡಿದರೆ ಅವನದೇ ಹಳೆಯ ಮಂಡಿಪಟ್ಟಿ, ನೆಲದ ಮೇಲೆ ಮಂಡಿಯೂರಿ ಕೆಲಸ ಮಾಡುವಾಗ ಕಟ್ಟಿಕೊಳ್ಳುವಂಥದ್ದು. ಕಳೆದೇಹೋಯಿತು ಅಂದುಕೊಂಡು ಹೊಸದು ಕೊಂಡಿದ್ದ. ಪಟ್ಟಿಯ ಮಡಿಕೆ ಬಿಡಿಸಿದ. ಅಲ್ಲಿ ಕಂದು ಬಣ್ಣದ, ಸಣ್ಣ ಕಾಳಿನಷ್ಟು ಗಾತ್ರದ ಮೊಟ್ಟೆಗೂಡೊಂದು ಅಂಟಿಕೊಂಡಿತ್ತು. ಅಂಚು ಬಿರಿದು, ಒಳಗೆ ಖಾಲಿ.

ಗೂಡನ್ನು ಟಾರ್ಚಿನ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ.

ಅಡುಗೆಮನೆಯ ಈ ಸಣ್ಣ ಜಾತಿಯ ಹೆಣ್ಣು ಜಿರಳೆ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಉದುರಿಸಿ ಹೋಗುವುದಿಲ್ಲ. ಒಂದು ಗಟ್ಟಿ ಗೂಡಿನೊಳಗೆ ಸಾಲಾಗಿ ಜೋಡಿಸಿ, ಬಾಲದ ತುದಿಗೆ ಸಿಕ್ಕಿಸಿಕೊಂಡೇ ತಿರುಗುತ್ತದೆ, ಮರಿ ಹೊರಬರುವ ಹೊತ್ತಿನವರೆಗೂ. ವಿಷ ತಗುಲಿ ತಾಯಿ ಸಾಯುವಾಗ ಗೂಡು ಕಳಚಿ ಬೀಳುವುದುಂಟು. ಆ ಗಟ್ಟಿ ಚಿಪ್ಪಿನೊಳಗೆ ಔಷಧಿ ಇಳಿಯುವುದಿಲ್ಲ. ಇದೆಲ್ಲ ಅವನಿಗೆ ಗೊತ್ತಿಲ್ಲವೆ? ಗಿರಾಕಿಗಳಿಗೆ ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಿದ್ದ! ಹೋಟೆಲು ತೆರೆಯುವ ಹಿಂದಿನ ದಿನ ಒಂದು ಬೇಕರಿಯಲ್ಲಿ ಒಲೆಯ ಹಿಂದೆಲ್ಲ ಮಂಡಿಯೂರಿ ತೆವಳಿ, ಅಕ್ಕ ಅವಸರ ಮಾಡಿದಳೆಂದು ಪಟ್ಟಿಗೆ ಬಿಸಿನೀರು ಸಹ ತೋರಿಸದೆ ಔಷಧಿ ಹೊಡೆಯಲು ನೇರ ಇಲ್ಲಿಗೆ ಬಂದಿದ್ದ. ಕೆಲಸ ಮುಗಿಸಿ ಬಿಚ್ಚಿಟ್ಟವನು ಮರೆತು ಹೋಗಿದ್ದ. ಒಂದು ಗೂಡೆಂದರೆ ಮೂವತ್ತು ನಲವತ್ತು ಮರಿ. ಅವು ಇಲ್ಲೇ ಬೆಳೆದು, ಇಲ್ಲೇ ಸಂಸಾರ ಹೂಡಿದ್ದವು.

ಮಂಡಿಪಟ್ಟಿಯನ್ನು ಜೇಬಿಗೆ ತುರುಕಿಕೊಂಡ. ಕಾಲು ನಿಂತಲ್ಲಿ ನಿಲ್ಲಲಿಲ್ಲ. ಡ್ರಾಯರು ಎಳೆದ, ಮುಚ್ಚಿದ, ಮತ್ತೆ ಎಳೆದ. ಮೈಯೆಲ್ಲ ಏನೋ ಹರಿದಾಡಿದಂತಾಗಿ ಕುತ್ತಿಗೆ ಕೆರೆದುಕೊಂಡ. ಹೇಳಿದರೆ ಅಕ್ಕನ ಮುಂದೆ ಮಾನ ಹೋಗುತ್ತದೆ, ಜೊತೆಗೆ ಕಸುಬೂ ಹೋಗುತ್ತದೆ. ಹೇಳದಿದ್ದರೆ ಈ ಹೆಂಗಸಿನ ಹೊಟ್ಟೆಯ ಮೇಲೆ ಹೊಡೆದಂತೆ.

ಅಷ್ಟರಲ್ಲಿ ಅಡುಗೆಯಮ್ಮ ಚೀಲ ಎತ್ತಿಕೊಂಡಳು. ತಿಂಗಳಾನುಗಟ್ಟಲೆ ಇದೇ ಮೂಲೆಯಲ್ಲಿದ್ದ ಚೀಲ. ಅದರೊಳಗೆ ಒಂದು ಜಿರಳೆ ಹೊಕ್ಕಿದ್ದರೂ ಮಗಳ ಮನೆಯ ಗತಿ ಏನು?

"ಅಮ್ಮಾ, ಒಂದ್ನಿಮಿಷ," ಎಂದುಬಿಟ್ಟ. "ಚೀಲ ಸ್ವಲ್ಪ ಬಿಚ್ಚಿ. ನೋಡ್ಬೇಕು."

"ಹೌದು ಕಣೋ, ನಂಗೆ ಹೊಳೀಲೇ ಇಲ್ಲ ನೋಡು," ಎಂದಳು ಅಕ್ಕ. "ಹೋದ ವಾರದಿಂದ ಚಮಚ ಬೇರೆ ಕಾಣ್ತಿಲ್ಲ."

ಅಡುಗೆಯಮ್ಮನ ಮುಖ ಕಪ್ಪಿಟ್ಟಿತು. ಅಯ್ಯೋ, ಕಳ್ಳತನದ ಮಾತಲ್ಲ ಎನ್ನಬೇಕಿತ್ತು. ಅನ್ನಲು ಹೋದರೆ ಮಿಕ್ಕದ್ದೂ ಹೇಳಬೇಕಲ್ಲ! ಜೇಬಿನಲ್ಲಿದ್ದ ಪಟ್ಟಿಯನ್ನು ಇನ್ನಷ್ಟು ಒಳಕ್ಕೆ ಒತ್ತಿದ.

ಅವಳು ನೆಲದ ಮೇಲೆ ಕೂತು ಒಂದೊಂದೇ ತೆಗೆದಿಟ್ಟಳು. ಬಾಚಣಿಗೆ, ಮಾತ್ರೆ, ಒಳಬಟ್ಟೆ, ಮೊಮ್ಮಗಳಿಗೆಂದು ತಾನೇ ಹೊಲಿದ ಪುಟ್ಟ ಲಂಗ. ಕೊನೆಗೆ ಏಪ್ರನ್ ಕೊಡವಿದಳು. ಅದರ ಮಡಿಕೆಯಿಂದ ಜಿರಳೆಯೊಂದು ಪುಸಕ್ಕನೆ ಬಿದ್ದು ಓಡಿತು. ಬಾಲದಲ್ಲಿ ತುಂಬಿದ ಗೂಡು. ಅವನು ಬೂಟಿನಿಂದ ಗೂಡುಸಮೇತ ಹೊಸಕಿದ.

"ನೋಡಿದ್ಯಾ!" ಅಕ್ಕ ಕಿರುಚಿದಳು. "ಇವಳ ಚೀಲದಿಂದಲೇ ಬಂದಿರೋದು! ನಾನ್ ಹೇಳ್ಲಿಲ್ವಾ?"

ಇನ್ನು ತಡೆಯಲಾಗಲಿಲ್ಲ. ಜೇಬಿನಿಂದ ಮಂಡಿಪಟ್ಟಿ ತೆಗೆದು ಅಕ್ಕನ ಮುಂದೆ ಹಿಡಿದ. "ಸಾಕು, ಅಕ್ಕಾ. ಬಂದಿರೋದು ಇದ್ರಿಂದ. ಇದು ನಂದು. ಸಿಂಕಿನ ಕೆಳಗೆ ಬಿಟ್ಟುಹೋಗಿದ್ದೆ. ಮೊದಲ್ನೇ ಗೂಡು ಒಡೆದಿರೋದು ಇದರಲ್ಲೇ."

ಅಕ್ಕ ಮೆತ್ತಗಾಗಿ, "ಅಮ್ಮಾ, ಕೋಪದಲ್ಲಿ ಏನೇನೋ ಅಂದ್ಬಿಟ್ಟೆ. ಹೋಗ್ಬೇಡಿ," ಎಂದಳು.

ಅಡುಗೆಯಮ್ಮ ಅವಳ ಕಡೆ ನೋಡಲಿಲ್ಲ. ಅವನನ್ನೇ ಕೇಳಿದಳು: "ಇದು ನಿಂಗೆ ಯಾವಾಗ ಗೊತ್ತಾಯ್ತಪ್ಪ? ನಾನು ಚೀಲ ಬಿಚ್ಚೋಕ್ಕೆ ಮುಂಚೇನಾ?"

ಅವನು ಹೌದೆಂದು ತಲೆಯಾಡಿಸಿದ. ನಾಚಿಕೆಯಿಂದ ಭೂಮಿಗಿಳಿದುಹೋದ. ಬಟ್ಟೆಗಳನ್ನಾದರೂ ಎತ್ತಿಕೊಡೋಣವೆಂದು ಬಗ್ಗಿ ಲಂಗದ ಕಡೆ ಕೈ ಚಾಚಿದ.

"ಬೇಡ," ಎಂದಳು ಅಡುಗೆಯಮ್ಮ. "ನಾನೇ ತುಂಬ್ಕೋತೀನಿ."