ಕ್ಲೆಮ್‌ನ ನಿಧಾನದ ನಡಿಗೆ

ಕ್ಲೆಮ್ ಡೂಗನ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಹಾಲಿವುಡ್ಡಿನ ಮೂಕಿಚಿತ್ರಗಳಲ್ಲಿ ಓಡುವುದು, ಬೀಳುವುದು, ನಾಯಕ ವೆರ್ನಾನ್ ಲೈಲ್‌ನಿಂದ ಒದೆ ತಿನ್ನುವುದು, ಇಷ್ಟೇ ಅವನ ಬಾಳು. ಮೂಗಿನ ಕೆಳಗೆ ಪೊರಕೆಯಂಥ ಅಂಟುಮೀಸೆ. ಅದನ್ನು ಕಿತ್ತರೆ ಬೀದಿನಾಯಿಯೂ ಅವನ ಗುರುತು ಹಿಡಿಯುತ್ತಿರಲಿಲ್ಲ. ಒಮ್ಮೆಯಾದರೂ ಜನ ತನ್ನೊಬ್ಬನನ್ನೇ ನೋಡಿ ನಗಬೇಕೆಂಬ ಆಸೆ ಅವನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಕ್ಯಾಮೆರಾದ ಹಿಡಿಕೆ ತಿರುಗಿಸುವ ಹೋಬಾರ್ಟ್ ನಗೆಚಿತ್ರಕ್ಕೆಂದರೆ ಕೈ ನಿಧಾನ ಮಾಡುತ್ತಿದ್ದ. ಹಾಗೆ ತೆಗೆದದ್ದು ಪರದೆಯ ಮೇಲೆ ದಡಬಡ ಓಡುತ್ತದೆ. ಕ್ಲೆಮ್‌ಗೆ ಒಂದು ದಿನ ಹೊಳೆಯಿತು: ಎಲ್ಲರೂ ಓಡುವಾಗ ತಾನೊಬ್ಬ ನೀರಿನೊಳಗೆ ನಡೆದಂತೆ ನಡೆದರೆ? ಗಾಳಿಗೆ ಸಿಕ್ಕ ತರಗೆಲೆಗಳ ನಡುವೆ ತಾನೊಬ್ಬನೇ ಮನುಷ್ಯನಂತೆ ಕಾಣುವುದಿಲ್ಲವೇ? ಬೇಕರಿಗೆ ಬೆಂಕಿ ಬೀಳುವ ದೃಶ್ಯದಲ್ಲಿ, ಕಾಲಿಗೆ ಇರುವೆ ಹತ್ತಿದಂತಾಗುತ್ತಿದ್ದರೂ, ಹೊಗೆಯಾಡುವ ಕೋಟು ತೊಟ್ಟು ಹಾಗೆಯೇ ನಡೆದುಬಿಟ್ಟ.

ಗ್ಲೆಂಡೇಲ್‌ನ ಥಿಯೇಟರಿನಲ್ಲಿ ಚಿತ್ರವನ್ನು ಮೊದಲು ಜನರಿಗೆ ತೋರಿಸಿ ನೋಡಿದರು. ಕ್ಲೆಮ್ ಟೋಪಿ ಹಿಂಡುತ್ತ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನ ನಡಿಗೆ ಬಂದದ್ದೇ ತಡ, ಪಿಯಾನೋ ಕೇಳಿಸದಷ್ಟು ನಗು. ಲೈಲ್ ಮಾತ್ರ ನಗಲಿಲ್ಲ.

ಮರುದಿನವೇ ಆ ದೃಶ್ಯವನ್ನು ಮತ್ತೆ ತೆಗೆಯಬೇಕೆಂದು ಅಪ್ಪಣೆಯಾಯಿತು. ಲೈಲ್ ಬಂದು ಕ್ಲೆಮ್‌ನ ಹೆಗಲ ಮೇಲೆ ಕೈ ಹಾಕಿದ.

"ಆ ನಡಿಗೆ ನಾನು ನಡೀತೀನಿ. ನೀನು ನನ್ನ ಸುತ್ತ ಓಡ್ತಿರು, ಮಾರಾಯ. ನೀನು ಓಡಿದಷ್ಟೂ ನಾನು ಚೆನ್ನಾಗಿ ಕಾಣ್ತೀನಿ."

"ಆಯ್ತು ಬಿಡಿ, ಮಿಸ್ಟರ್ ಲೈಲ್. ಓಡ್ಲಿ ಅಂತ್ಲೇ ನಮ್ಮಮ್ಮ ಹೆತ್ತಿದ್ದು."

ಲೈಲ್ ಅತ್ತ ಹೋದ ಮೇಲೆ ಹೋಬಾರ್ಟ್ ಗೊಣಗಿದ. "ಹಗಲುಗಳ್ಳ ಕಣೋ ಅವ್ನು. ನೀನು ಸುಮ್ನೆ ಕೊಟ್ಬಿಟ್ಯಲ್ಲ."

"ನನ್ನ ಕಾಲು ಅವನಿಗಿರಲಿ," ಎಂದ ಕ್ಲೆಮ್, ಮೀಸೆ ಒತ್ತಿಕೊಳ್ಳುತ್ತ. "ಮುಖ ನಂದು. ನೀನು ಹಿಡಿಕೆ ಬಿಡ್ಬೇಡ, ಅಷ್ಟೇ."

ಬೇಕರಿಗೆ ಮತ್ತೆ ಹೊಗೆ ಹಾಕಿದರು. ಲೈಲ್ ನೀರಿನೊಳಗೆ ನಡೆದಂತೆ ನಡೆದ. ಅವನ ಸುತ್ತ ಕ್ಲೆಮ್ ಬುಗುರಿಯಾದ. ಕಾಲುಗಳು ಕಣ್ಣಿಗೆ ಸಿಗುತ್ತಿರಲಿಲ್ಲ. ಮುಖ ಮಾತ್ರ ಚರ್ಚಿನಲ್ಲಿ ಕೂತವನದು: ರೆಪ್ಪೆ ಹೊಡೆಯಲಿಲ್ಲ, ಮೀಸೆಯ ಒಂದು ಎಳೆಯೂ ಕದಲಲಿಲ್ಲ. ಸುತ್ತು ಬಂದಾಗಲೆಲ್ಲ ಆ ಮುಖ ಕ್ಯಾಮೆರಾವನ್ನು ನೋಡಿ, ಏನೂ ಆಗಿಯೇ ಇಲ್ಲವೆಂಬಂತೆ ಹೊಗೆಯಲ್ಲಿ ಮರೆಯಾಗುತ್ತಿತ್ತು.

ಹೋಬಾರ್ಟ್ ತುಟಿ ಕಚ್ಚಿ ಹಿಡಿದ. ಆದರೂ ನಗುವಿಗೆ ಅವನ ಭುಜ ಕುಲುಕುತ್ತಿತ್ತು. ಲೈಲ್‌ಗೆ ಅದು ಕಾಣಿಸಿತು. ನಗು ತನಗೇ ಎಂದುಕೊಂಡು ಇನ್ನಷ್ಟು ನಿಧಾನವಾದ.

ನಿರ್ದೇಶಕ ಸಾಕು ಎಂದ. ಕ್ಲೆಮ್‌ನ ಕಾಲು ಕೇಳಲಿಲ್ಲ, ಇನ್ನೊಂದು ಸುತ್ತು ಹಾಕಿಯೇ ಬಂತು.