ಒಂದೇ ಗಿಡದ ಬೇರು

ಬಟಾಣಿ ಬೇರಿನ ಹುಚ್ಚು ಮೈಬ್ರಿಟ್‌ಗೆ ಹತ್ತಿ ಹನ್ನೊಂದು ವರ್ಷ. ಬೇರು ಆಳಕ್ಕಿಳಿಯುವ ಗುಣ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಬರುತ್ತದೆ ಅನ್ನೋದೊಂದೇ ಈ ಸಂಶೋಧಕಿಯ ಧ್ಯಾನ. ಗೋಟ್‌ಲ್ಯಾಂಡ್ ದ್ವೀಪದ ಮುದುಕಿಯೊಬ್ಬಳು ಕಾಫಿ ಡಬ್ಬಿಯಲ್ಲಿ ಕೂಡಿಟ್ಟಿದ್ದ, ಆಳ ಬೇರಿನದೆಂದು ಹೆಸರಾದ ಹಳೇ ಬಟಾಣಿಯಲ್ಲಿ ಮೊಳೆತದ್ದು ಒಂದೇ ಒಂದು. ಅದರ ಪರಾಗವನ್ನು ಗಿಡ್ಡ ಬೇರಿನ ತಳಿಯ ನಲವತ್ತೊಂದು ಹೂವಿಗೆ ಸವರಿದಳು. ಮೊಗ್ಗು ಬಿಡಿಸಿ, ಚಿಮಟದಲ್ಲಿ ಕೇಸರ ಕಿತ್ತು, ಉಸಿರು ಬಿಗಿಹಿಡಿದು. ನಿಂತದ್ದು ಒಂದು ಕಾಯಿ, ಅದರಲ್ಲಿ ಒಂದು ಕಾಳು. ಅಷ್ಟರಲ್ಲಿ ದ್ವೀಪದ ಗಿಡ ಕಾಯಿ ಕಚ್ಚದೆಯೇ ಕೊಳೆತು ಹೋಯಿತು. ಮುದುಕಿಯೂ ಈಗಿಲ್ಲ, ಡಬ್ಬಿಯೂ ಖಾಲಿ.

ಆ ಕಾಳಿನ ಗಿಡ ಗಾಜಿನ ಮನೆಯಲ್ಲಿ, ಆಳೆತ್ತರದ ಮರಳಿನ ಕೊಳವೆಯಲ್ಲಿ, ಮೊದಲ ಹೂ ಬಿಟ್ಟಿತ್ತು. ಬೀಜವಾಗಲು ಇನ್ನೂ ಒಂದು ತಿಂಗಳು ಬೇಕು. ಸಂಶೋಧನೆಗೆ ಹಣ ಕೊಡುವ ಸಮಿತಿ ಸೇರೋದು ಶುಕ್ರವಾರ. ಬೇರಿನ ಅಳತೆ ತಂದರೆ ಇನ್ನೊಂದು ವರ್ಷದ ಹಣ, ಇಲ್ಲವಾದರೆ ಗಿಡವೂ ಕೆಲಸವೂ ಗೊಬ್ಬರದ ಗುಂಡಿಗೆ. ಅಳೆಯಬೇಕಾದರೆ ಕೀಳಲೇಬೇಕು.

"ಒಂದು ತಿಂಗಳು ಕೇಳಬಾರದಾ ಮಾರಾಯ್ತಿ?" ಅಂದ ಗಾಜಿನ ಮನೆ ನೋಡಿಕೊಳ್ಳುವ ಸಿಕ್ಸ್ಟೆನ್.

"ಮೂರು ಸಲ ಕೇಳ್ದೆ. ಕಾಯೋಕೆ ನಿನ್ನ ಗಿಡವೇನು ರಾಜಕುಮಾರೀನಾ ಅಂದ್ರು."

"ಕಿತ್ತು, ಅಳೆದು, ಮತ್ತೆ ನೆಟ್ಟರೆ?"

"ಬದುಕಿದರೂ ಬದುಕೀತು."

ಬಟಾಣಿಗೆ ಬೇರು ಮುಟ್ಟಿದರೆ ಆಗದು ಅಂತ ಹನ್ನೊಂದು ವರ್ಷ ಎಲ್ಲರಿಗೂ ಪಾಠ ಹೇಳಿದವಳು ಅವಳೇ! ಅತ್ತ ದರಿ, ಇತ್ತ ಪುಲಿ.

ಗುರುವಾರ ಕೊಳವೆ ಸೀಳಿ, ಎರಡು ಗಂಟೆ ನೀರು ಬಿಟ್ಟು ಮರಳು ತೊಳೆದರು. ಗಿಡ್ಡ ತಳಿಯ ಬೇರು ಅರವತ್ತು ಸೆಂಟಿಮೀಟರ್ ದಾಟಿದ್ದೇ ಇಲ್ಲ. ಇದು ನೂರ ಮೂವತ್ತೆಂಟು.

"ಅಬ್ಬಬ್ಬಾ! ಪಾತಾಳಕ್ಕೆ ಹೋಗಿ ಬಂದಿದೆಯಲ್ಲೇ ಇದು!" ಅಂದ ಸಿಕ್ಸ್ಟೆನ್.

ಮೈಬ್ರಿಟ್ ನಕ್ಕಳು, ನಗುನಗುತ್ತಲೇ ಅತ್ತಳು. ಇಬ್ಬರೂ ಸೇರಿ ಹಸುಗೂಸನ್ನು ಮಲಗಿಸುವ ಹಾಗೆ ಅದನ್ನು ಮರಳಿಗೆ ಇಳಿಸಿದರು.

ಶುಕ್ರವಾರ ಸಮಿತಿಯವರು ಚಪ್ಪಾಳೆ ತಟ್ಟಿದರು. ವರ್ಷ ಸಿಕ್ಕಿತು. ಅವಳು ದಾಲ್ಚಿನ್ನಿ ಬನ್ನು ಹಿಡಿದು ಓಡಿಬಂದಾಗ ಗಿಡ ತಲೆ ಬಾಗಿಸಿತ್ತು. ಸೋಮವಾರ ಅದು ಒಣಗಿದ ಕಡ್ಡಿ.

ಸಿಕ್ಸ್ಟೆನ್ ಹೊಸದಾಗಿ ಬಂದ ನಲವತ್ತು ಕೊಳವೆಗಳಿಗೆ ಮರಳು ತುಂಬುತ್ತಿದ್ದ.

"ಈ ವರ್ಷ ಏನು ಮಾಡ್ತೀನಿ ಅಂತ ಸಮಿತಿಗೆ ಬರೆದುಕೊಟ್ಟಿದ್ದೀಯ?"

"ಈ ಗಿಡದ ಬೀಜ ಬಿತ್ತುತ್ತೀನಿ ಅಂತ," ಅಂದಳು ಮೈಬ್ರಿಟ್.

ಸಿಕ್ಸ್ಟೆನ್ ಸಲಿಕೆ ಕೆಳಗಿಟ್ಟ.